ಮಳೆಗಾಲದ ಕೊಡಗಿನಲ್ಲಿ ಬಟ್ಟೆಬರೆ, ಅನ್ನ, ತರಕಾರಿ ದಂಡವಾಗದ ಹಾಗೆ

ಜೂನ್ ಎರಡನೇ ವಾರ ದಾಟಿತೆಂದರೆ ಕೊಡಗಿನ ಮನೆಗಳಲ್ಲಿ ಇನ್ನೆರಡು ಜೊತೆ ಬನಿಯನ್, ಇನ್ನೊಂದು ಜೊತೆ ಯೂನಿಫಾರಂ ತರಬೇಕು ಎಂಬ ಮಾತು ಶುರುವಾಗುತ್ತದೆ. ಬಟ್ಟೆ ಇಲ್ಲ ಅಂತಲ್ಲ, ಇರುವುದು ಒಣಗಿಲ್ಲ. ಅಕ್ಟೋಬರ್ ಹೊತ್ತಿಗೆ ಅದೇ ಬಟ್ಟೆಯಲ್ಲಿ ಅರ್ಧ ಕಪ್ಪು ಚುಕ್ಕೆ ಬಿದ್ದು ಒರೆಸುವ ಬಟ್ಟೆಯ ಪಾಲಾಗಿರುತ್ತದೆ. ಅಡುಗೆಮನೆಯದ್ದೂ ಇದೇ ಕಥೆ. ಸಂತೆಯಿಂದ ತಂದ ಸೊಪ್ಪು ಎರಡೇ ದಿನಕ್ಕೆ ಲೋಳೆ, ಡಬ್ಬಿಯ ರವೆಯಲ್ಲಿ ಹುಳ, ಅಕ್ಕಿಹಿಟ್ಟು ಗಂಟು. ಬಯಲುಸೀಮೆಯವರಿಗೆ ಹೇಳಿದ ‘ಕಡಿಮೆ ಕೊಳ್ಳಿ, ಮರುಬಳಕೆ ಮಾಡಿ’ ಎಂಬ ಬುದ್ಧಿವಾದ ಇಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರುವುದಿಲ್ಲ. ಸವೆದು ಹಾಳಾಗುವುದಕ್ಕಿಂತ ತೇವಕ್ಕೆ ಹಾಳಾಗುವುದೇ ಇಲ್ಲಿ ಹೆಚ್ಚು. ಹಾಗಾಗಿ ಮೊದಲು ಒಣಗಿಸುವುದರ ಮಾತು.

ಲೆಕ್ಕ ಸರಳ. ಬಟ್ಟೆ ಒಂದೇ ದಿನದಲ್ಲಿ ಒಣಗಿದರೆ ದಿನಬಳಕೆಗೆ ಮೂರು ಜೊತೆ ಸಾಕು: ಮೈಮೇಲೊಂದು, ಹಗ್ಗದ ಮೇಲೊಂದು, ಮಡಚಿಟ್ಟಿದ್ದೊಂದು. ಒಣಗಲು ಮೂರು ದಿನ ಹಿಡಿದರೆ ಐದು ಜೊತೆ ಬೇಕು. ಮನೆಯಲ್ಲಿ ನಾಲ್ಕು ಜನ ಇದ್ದರೆ ಎಂಟು ಜೊತೆ ಬಟ್ಟೆ ಬರೀ ಮಳೆಗೋಸ್ಕರ ಬೀರುವಿನಲ್ಲಿ ಕೂತಿರುತ್ತದೆ. ಒಣಗುವ ಹೊತ್ತನ್ನು ಅರ್ಧ ಮಾಡುವುದು ಹೊಸ ಬಟ್ಟೆ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

ಅದರಲ್ಲಿ ಮುಕ್ಕಾಲು ಕೆಲಸ ಹಿಂಡುವುದರಲ್ಲೇ ಇದೆ. ವಾಷಿಂಗ್ ಮಷಿನ್ ಇದ್ದರೆ ಸ್ಪಿನ್ ಒಂದು ಸಲ ಮುಗಿದ ಮೇಲೆ ಬಟ್ಟೆಯನ್ನು ಕೊಡವಿ, ತಿರುಗಿಸಿ ಹಾಕಿ ಇನ್ನೊಂದು ಸಲ ಸ್ಪಿನ್ ಮಾಡಬೇಕು. ಎರಡನೇ ಸಲಕ್ಕೂ ನೀರು ಬರುತ್ತದೆ, ನೋಡಿ. ಮಷಿನ್ ಇಲ್ಲದಿದ್ದರೆ ಕೈಯಲ್ಲಿ ಹಿಂಡಿದ ಬಟ್ಟೆಯನ್ನು ಒಣ ಟವೆಲ್ ಮೇಲೆ ಹಾಸಿ, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಮೇಲೆ ನಿಂತು ತುಳಿದರೆ ಆಯಿತು. ಸ್ವೆಟರ್‌ಗೆ ಇದೊಂದೇ ದಾರಿ. ತಿರುಚಿ ಹಿಂಡಿದರೆ ಉಣ್ಣೆ ಜೋತು ಬೀಳುತ್ತದೆ. ಹಗ್ಗದ ಮೇಲೆ ಬಟ್ಟೆಗೂ ಬಟ್ಟೆಗೂ ನಾಲ್ಕು ಬೆರಳು ಜಾಗ ಇರಲಿ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಸೊಂಟದ ಪಟ್ಟಿಯನ್ನು ನಾಲ್ಕು ಕಡೆ ಕ್ಲಿಪ್ಪಿನಿಂದ ಕೊಳವೆಯ ಹಾಗೆ ತೆರೆದು ನೇತು ಹಾಕಬೇಕು. ಮಡಚಿ ಹಗ್ಗಕ್ಕೆ ಹಾಕಿದ ಜೀನ್ಸಿನ ಜೇಬು ನಾಲ್ಕನೇ ದಿನವೂ ಒದ್ದೆಯಾಗಿಯೇ ಇರುತ್ತದೆ. ಹೊರಗೆ ಮಳೆ ಹೊಯ್ಯುತ್ತಿರುವಾಗ ಕಿಟಕಿ ತೆರೆದಿಟ್ಟರೆ ಗಾಳಿಯಾಡುತ್ತದೆ ಎನ್ನುವುದು ಅಷ್ಟೇನೂ ನಿಜವಲ್ಲ, ಒಳಗೆ ಬರುವುದು ತೇವ ತುಂಬಿದ ಗಾಳಿಯೇ. ಫ್ಯಾನ್ ಹಾಕಿ, ಬಚ್ಚಲ ಹಂಡೆಯ ಒಲೆಗೆ ತಾಗಿದ ಗೋಡೆಯ ಪಕ್ಕದ ಕೋಣೆಯಲ್ಲಿ ಒಣಗಿಸುವುದು ವಾಸಿ.

ಒಲೆಯ ನೇರ ಮೇಲೆ ಬಿದಿರಿನ ಗಳುವಿಗೆ ಹಾಕುವ ಪದ್ಧತಿ ಹಳೆಯದು. ಹತ್ತಿ ಬಟ್ಟೆಗೆ ಅಡ್ಡಿಯಿಲ್ಲ. ಆದರೆ ಎಲಾಸ್ಟಿಕ್, ಲೈಕ್ರಾ ಇರುವ ಲೆಗ್ಗಿಂಗ್ಸು, ಒಳಉಡುಪು ಆ ಶಾಖಕ್ಕೆ ಒಂದೇ ಮಳೆಗಾಲದಲ್ಲಿ ಸಡಿಲವಾಗುತ್ತವೆ. ಅವನ್ನು ದೂರವೇ ಇಡಿ.

ಒಣಗಿದ ಬಟ್ಟೆಯೂ ಮುಗ್ಗಲು ನಾರುತ್ತಿದ್ದರೆ ಕಾರಣ ಬ್ಯಾಕ್ಟೀರಿಯಾ, ಅದರ ಹಿಂದೆ ಬಹುಪಾಲು ಸೋಪಿನ ಪುಡಿ ಹೆಚ್ಚಾಗಿದ್ದು. ಸರಿಯಾಗಿ ತೊಳೆದು ಹೋಗದ ಸೋಪು ನೂಲಿನಲ್ಲಿ ಕೂತು ಬೆವರಿನ ಜಿಡ್ಡನ್ನೂ ಹಿಡಿದಿಡುತ್ತದೆ. ಇನ್ನಷ್ಟು ಪುಡಿ, ಬಟ್ಟೆ ಘಮಗುಟ್ಟಿಸುವ ಕಂಫರ್ಟ್ ಸುರಿದರೆ ವಾಸನೆ ಮೇಲಿಂದ ಮುಚ್ಚಿಕೊಳ್ಳುತ್ತದೆ, ಅಷ್ಟೆ. ಒಂದು ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡ ಹಾಕಿ, ಕೈ ಇಡಲಾಗದಷ್ಟು ಬಿಸಿ, ಅಂದರೆ ಸುಮಾರು 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಎರಡು ನೀರು ಜಾಲಿಸಿದರೆ ಹೋಗುತ್ತದೆ. ಇದು ಹತ್ತಿಗೆ ಮಾತ್ರ. ರೇಷ್ಮೆ, ಉಣ್ಣೆಗೆ ಸೋಡವೂ ಬೇಡ, ಬಿಸಿನೀರೂ ಬೇಡ.

ಇನ್ನು ಬೂಷ್ಟು. ಗಾಳಿಯ ತೇವಾಂಶ ಶೇ. 70 ದಾಟಿ ಕೆಲವು ದಿನ ಹಾಗೇ ನಿಂತರೆ ಬೂಷ್ಟಿಗೆ ಸಾಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಬೀರುವಿನಲ್ಲಿ ನುಸಿಗುಳಿಗೆ ಹಾಕಿ ನಿಶ್ಚಿಂತೆಯಿಂದ ಇರುವವರು ಬಹಳ. ನುಸಿಗುಳಿಗೆ ಹುಳುವಿಗೆ, ಬೂಷ್ಟಿಗಲ್ಲ. ಜರಿಗೆ ತಾಗಿದರೆ ಜರಿಯೂ ಕಪ್ಪಾಗುತ್ತದೆ. ಬೂಷ್ಟು ತಡೆಯಲು ಬೇಕಾದ್ದು ಸ್ವಲ್ಪ ಬಿಸಿ. 20 ಡಿಗ್ರಿಯಲ್ಲಿ ಶೇ. 95 ತೇವಾಂಶ ಇರುವ ಗಾಳಿಯನ್ನು 25 ಡಿಗ್ರಿಗೆ ಏರಿಸಿದರೆ, ಒಂದು ತೊಟ್ಟು ನೀರು ತೆಗೆಯದೆಯೇ ಅದರ ತೇವಾಂಶ ಶೇ. 70ರ ಆಸುಪಾಸಿಗೆ ಇಳಿಯುತ್ತದೆ. ಹಳೆಯ ಮನೆಗಳ ಬೀರುವಿನ ತಳದಲ್ಲಿ ಉರಿಯುತ್ತಿದ್ದ 15 ವಾಟಿನ ಝೀರೋ ಬಲ್ಬಿನ ಗುಟ್ಟು ಇದೇ. ಎಲ್‌ಇಡಿ ಝೀರೋ ಬಲ್ಬ್ ಹಾಕಿ ‘ಕೆಲಸ ಮಾಡಲಿಲ್ಲ’ ಎಂದರೆ ಹೇಗೆ, ಅದು ಬಿಸಿಯೇ ಆಗುವುದಿಲ್ಲವಲ್ಲ. ತಂತಿ ಇರುವ ಹಳೆಯ ಮಾದರಿಯೇ ಬೇಕು. ಸುತ್ತ ತಂತಿಬಲೆಯ ಗೂಡು, ಯಾವ ಬಟ್ಟೆಗೂ ಒಂದು ಅಡಿ ದೂರ, ಪಿಂಗಾಣಿ ಹೋಲ್ಡರ್. ಈ ಮೂರೂ ಇಲ್ಲದೆ ಹಚ್ಚಬೇಡಿ, ಬೆಂಕಿಯ ಮಾತು. ಬೀರು ಹೊರಗೋಡೆಗೆ ಅಂಟಿಕೊಂಡಿದ್ದರೆ ಬಲ್ಬೂ ಸೋಲುತ್ತದೆ. ತಣ್ಣಗಿನ ಗೋಡೆಯಿಂದ ನಾಲ್ಕು ಇಂಚು ಈಚೆಗೆ ಎಳೆದಿಡಿ.

ಗಂಜಿ ಹಾಕಿದ ಸೀರೆ, ಪಂಚೆಗಳಿಗೆ ಬೂಷ್ಟು ಮೊದಲು ಬರುತ್ತದೆ. ಗಂಜಿ ಅದಕ್ಕೆ ಊಟ. ಮೇ ಕೊನೆಯಲ್ಲಿ ಎತ್ತಿಡುವ ಹತ್ತಿ ಬಟ್ಟೆಯನ್ನು ಗಂಜಿ ಬಿಡಿಸಿ ಒಗೆದು ಇಡಬೇಕು. ಒಮ್ಮೆ ಉಟ್ಟ ರೇಷ್ಮೆಯನ್ನು ಬೆವರು ಆರುವ ತನಕ ನೆರಳಲ್ಲಿ ಹರವಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಇಡಬೇಕು. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಕೊಡವ ಗಂಡಸರು ವರ್ಷಕ್ಕೆ ಒಂದೆರಡು ಸಲ ತೊಡುವ ಕುಪ್ಯ (ನಿಲುವಂಗಿ), ಚೇಲೆಗೂ (ರೇಷ್ಮೆಯ ನಡುಕಟ್ಟು) ಇದೇ ಉಪಚಾರ. ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಕಾಣಿಸಿಕೊಂಡ ಮೇಲೆ ಎಲ್ಲವನ್ನೂ ಒಮ್ಮೆ ಹೊರಗೆ ತೆಗೆದು, ಮಡಿಕೆ ಬದಲಿಸಿ ಇಡಿ. ಜರಿ ಒಡೆಯುವುದು ಯಾವಾಗಲೂ ಹಳೆಯ ಮಡಿಕೆಯ ಗೆರೆಯಲ್ಲೇ. ಕೊಡವ ಶೈಲಿಯಲ್ಲಿ ಸೀರೆ ಉಡುವವರಿಗೆ ಇನ್ನೊಂದು ಮಾತು: ಭುಜದ ಮೇಲೆ ಪಿನ್ ಚುಚ್ಚುವ ಜಾಗ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ, ಸೀರೆಯ ಮಿಕ್ಕ ಭಾಗ ಹೊಸದಾಗಿರುವಾಗಲೇ ಅಲ್ಲಿ ಹರಿಯುತ್ತದೆ. ಒಳಬದಿಯಲ್ಲಿ ಎರಡು ಇಂಚಿನ ಹತ್ತಿ ತುಂಡನ್ನು ಇಟ್ಟು ಅದಕ್ಕೂ ಸೇರಿಸಿ ಪಿನ್ ಚುಚ್ಚಿದರೆ ಭಾರ ರೇಷ್ಮೆಯ ಎರಡೇ ಎಳೆಯ ಮೇಲೆ ಬೀಳುವುದಿಲ್ಲ.

ಬೂಷ್ಟು ಬಂದೇ ಬಿಟ್ಟರೆ ಮೊದಲು ನೀರಿಗೆ ಹಾಕಬೇಡಿ. ಒಣಗಿಸಿ, ಹೊರಗೆ ಒಯ್ದು ಬ್ರಷ್‌ನಿಂದ ಉದುರಿಸಿ, ಆಮೇಲೆ ಒಗೆಯಬೇಕು. ಒದ್ದೆಯಲ್ಲೇ ಉಜ್ಜಿದರೆ ಪುಡಿ ನೂಲಿನೊಳಗೆ ಇಳಿಯುತ್ತದೆ. ಬಿಳಿಯ ಬೂಷ್ಟು ಹೋಗುತ್ತದೆ. ಕಪ್ಪು ಚುಕ್ಕೆ ನೂಲಿಗೆ ಇಳಿದಿದ್ದರೆ ಬಹುಮಟ್ಟಿಗೆ ಹೋಗದು, ಅದಕ್ಕಾಗಿ ಬ್ಲೀಚ್ ಸುರಿದು ಬಟ್ಟೆಯನ್ನೇ ಕೊಲ್ಲುವ ಬದಲು ಬೇರೆ ಕೆಲಸಕ್ಕೆ ಇಡಿ.

ಹಳೆ ಬೆಡ್‌ಶೀಟಿನ ಜಿಗಣೆ ಕಾಲುಚೀಲ

ಆ ಬೇರೆ ಕೆಲಸಗಳಲ್ಲಿ ತೋಟದವರಿಗೆ ತುಂಬ ಉಪಯೋಗದ್ದು ಜಿಗಣೆ ಕಾಲುಚೀಲ. ಅಂಗಡಿಯ ಸಾಕ್ಸ್ ಹೆಣೆದ ಬಟ್ಟೆ, ಎಳೆದಾಗ ಕಣ್ಣು ಬಿಡುತ್ತದೆ. ಜಿಗಣೆ ನೂಲಿನಷ್ಟು ಸಣ್ಣಗಾಗಿ ಅದರಲ್ಲೇ ತೂರುತ್ತದೆ. ಬೇಕಾದ್ದು ಒತ್ತಾಗಿ ನೇಯ್ದ ಬಟ್ಟೆ: ಹಳೆಯ ಬೆಡ್‌ಶೀಟ್, ಯೂನಿಫಾರಂ ಪ್ಯಾಂಟ್, ದಪ್ಪ ಶರ್ಟು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಚುಕ್ಕಿ ಚುಕ್ಕಿ ಬೆಳಕು ಕಂಡರೆ ಅದು ಬೇಡ.

ಒಂದು ಕಾಲಿಗೆ ಎರಡು ತುಂಡು, ಎರಡೂ ಬೂಟಿನ ಆಕಾರಕ್ಕೆ. ಪಾದದ ಉದ್ದಕ್ಕೆ 4 ಸೆಂ.ಮೀ. ಸೇರಿಸಿ ಕೆಳಭಾಗ. ಹಿಮ್ಮಡಿಯಿಂದ ಮೊಣಕಾಲಿನ ಕೆಳಗಿನವರೆಗೆ ಅಳೆದು 5 ಸೆಂ.ಮೀ. ಸೇರಿಸಿ ಎತ್ತರ, ದೊಡ್ಡವರಿಗೆ 45 ಸೆಂ.ಮೀ. ಹತ್ತಿರ ಬರುತ್ತದೆ. ಮೀನಖಂಡದ ಸುತ್ತಳತೆಯನ್ನು ಪ್ಯಾಂಟಿನ ಮೇಲೆಯೇ ಅಳೆದು, 8 ಸೆಂ.ಮೀ. ಸೇರಿಸಿ, ಅರ್ಧ ಮಾಡಿದರೆ ಒಂದು ತುಂಡಿನ ಅಗಲ. ಹೊಲಿಗೆ ಎರಡು ಸಾಲು, ಅಂಚು ಮಡಚಿ, ಹೊರಬದಿಗೆ ಬರುವ ಹಾಗೆ. ಒಳಗೆ ಬಂದರೆ ಗಂಬೂಟಿನಲ್ಲಿ ಬೆರಳು ಉಜ್ಜಿ ಗಾಯವಾಗುತ್ತದೆ. ಹೆಚ್ಚಿನವರು ತಪ್ಪುವುದು ಪಾದ ಕಾಲಿಗೆ ಕೂಡುವ ತಿರುವಿನಲ್ಲಿ. ಅಲ್ಲಿ ಲಂಬಕೋನ ಕತ್ತರಿಸಿದರೆ ಕಾಲು ಮಡಚಿದ ಕೂಡಲೇ ಹೊಲಿಗೆ ಬಿಚ್ಚುತ್ತದೆ. ಬಾಗಿದ ಗೆರೆಯಲ್ಲಿ ಕತ್ತರಿಸಿ, ಹೊಲಿಗೆಗೆ ತಾಗದ ಹಾಗೆ ಮೂರು ಕಡೆ ಸಣ್ಣ ಕತ್ತರಿ ಕೊಡಿ. ಬಾಯಿಗೆ ಲಾಡಿ ಪಟ್ಟಿ, ಅದರಲ್ಲಿ ಹಳೆಯ ಪೈಜಾಮದ ಲಾಡಿ. ಎಲಾಸ್ಟಿಕ್ ಹಾಕಿದರೆ ಎರಡು ತಿಂಗಳಲ್ಲಿ ಸಡಿಲವಾಗುತ್ತದೆ. ಪ್ಯಾಂಟನ್ನು ಚೀಲದೊಳಗೆ ತುರುಕಿ ಲಾಡಿ ಕಟ್ಟಬೇಕು. ಚೀಲದ ಮೇಲೆ ಪ್ಯಾಂಟು ಬಿಟ್ಟರೆ ಜಿಗಣೆಗೆ ದಾರಿ ಮಾಡಿಕೊಟ್ಟ ಹಾಗೆ. ಒಂದು ಡಬಲ್ ಬೆಡ್‌ಶೀಟಿನಲ್ಲಿ ನಾಲ್ಕು ಜೊತೆ ಆರಾಮವಾಗಿ ಆಗುತ್ತದೆ.

ಕಡ್ಡಿ ಮುರಿದ ಕೊಡೆಯ ಬಟ್ಟೆಯನ್ನೂ ಎಸೆಯಬೇಡಿ. ಕಡ್ಡಿಯ ತುದಿಯ ಹೊಲಿಗೆ ಬಿಡಿಸಿ, ನಡುವಿನ ತೂತಿಗೆ ತೇಪೆ ಹಾಕಿ, ಅಂಚಿಗೆ ಲಾಡಿ ಹೊಲಿದರೆ ಶಾಲೆಯ ಬ್ಯಾಗಿಗೆ ಮಳೆಟೋಪಿ ತಯಾರು.

ಚಪ್ಪಲಿ, ಬೂಟಿನ ವಿಷಯದಲ್ಲಿ ಕೊಳ್ಳುವಾಗಲೇ ಎಚ್ಚರ ಬೇಕು. ಮದುವೆಗೆಂದು ಎತ್ತಿಟ್ಟ ಒಳ್ಳೆ ಶೂ ಎರಡು ವರ್ಷದ ಮೇಲೆ ಹಾಕಿಕೊಂಡು ಹೊರಟರೆ ಸೋಲ್ ಕೇಕಿನ ಹಾಗೆ ಉದುರುವುದುಂಟು. ಅದು ಪಿಯು, ಅಂದರೆ ಪಾಲಿಯುರೆಥೇನ್ ಸೋಲ್. ಗಾಳಿಯ ತೇವವೇ ಅದರ ಕೊಂಡಿ ಕಳಚುತ್ತದೆ. ಬಳಸದೆ ಮುಚ್ಚಿಟ್ಟದ್ದೇ ಬೇಗ ಹೋಗುತ್ತದೆ, ‘ಕಮ್ಮಿ ಹಾಕಿದ್ದೆನಲ್ಲ’ ಎಂಬ ವಾದ ಅದಕ್ಕೆ ತಿಳಿಯದು. ಅಪರೂಪಕ್ಕೆ ಹಾಕುವ ಜೋಡಿಗೆ ರಬ್ಬರ್ ಅಥವಾ ಟಿಪಿಆರ್ (ಥರ್ಮೋಪ್ಲಾಸ್ಟಿಕ್ ರಬ್ಬರ್) ಸೋಲ್ ಕೇಳಿ ತೆಗೆದುಕೊಳ್ಳಿ. ಒಳಗೆ ಪದರ ಬಳಿದ ರೈನ್‌ಕೋಟು ಅಂಟಂಟಾಗಿ ಸಿಪ್ಪೆ ಏಳುವುದಕ್ಕೂ ಇದೇ ಕಾರಣ. ಒದ್ದೆಯಲ್ಲೇ ಮಡಚಿಡಬಾರದು. ಗಂಬೂಟಿಗೆ ತೂತಾದರೆ ಸೈಕಲ್ ಟ್ಯೂಬಿನ ತೇಪೆ, ಸೊಲ್ಯೂಷನ್ ಹಿಡಿಯುವುದು ರಬ್ಬರ್ ಬೂಟಿಗೆ ಮಾತ್ರ. ಪಿವಿಸಿ ಬೂಟಿಗೆ ಪಿವಿಸಿಯದೇ ಅಂಟು ಬೇಕು.

ಸಂತೆ ಚೀಲದಿಂದ ಒಲೆಯವರೆಗೆ

ವಾರದ ಸಂತೆ ಮಡಿಕೇರಿಯವರಿಗೆ ಶುಕ್ರವಾರ, ಗೋಣಿಕೊಪ್ಪದವರಿಗೆ ಭಾನುವಾರ, ಶನಿವಾರಸಂತೆ ಎಂಬ ಊರಿಗೆ ಹೆಸರೇ ಸಾಕು. ವಾರಕ್ಕೊಮ್ಮೆ ಕೊಳ್ಳುವ ಊರಿನಲ್ಲಿ ತರಕಾರಿ ಹಾಳಾಗುವುದು ಮೊದಲನೇ ದಿನ ಸಂಜೆಯೇ ನಿಶ್ಚಯವಾಗುತ್ತದೆ. ಮಳೆಯಲ್ಲಿ ನೆನೆದ ತರಕಾರಿಯನ್ನು ಚೀಲದ ಸಮೇತ ಮೂಲೆಗಿಟ್ಟರೆ ಮುಗಿಯಿತು. ಮನೆಗೆ ಬಂದ ಕೂಡಲೇ ಗೋಣಿ ಅಥವಾ ಹಳೆ ಪಂಚೆಯ ಮೇಲೆ ಹರಡಿ ಎರಡು ಗಂಟೆ ಫ್ಯಾನ್ ಹಾಕಿ. ಕೊತ್ತಂಬರಿ, ಪುದೀನ ತೊಳೆಯದೆ, ಹಳದಿ ಎಲೆ ತೆಗೆದು, ಪೇಪರಿನಲ್ಲಿ ಸುತ್ತಿ ಫ್ರಿಜ್‌ಗೆ. ಪೇಪರ್ ಒದ್ದೆಯಾದರೆ ಬದಲಿಸಿ. ಅಡುಗೆಯ ಸರದಿ ಹೀಗೆ: ಮೊದಲೆರಡು ದಿನ ಸೊಪ್ಪು, ಆಮೇಲೆ ಬೀನ್ಸ್, ಬೆಂಡೆ, ಬದನೆ, ವಾರದ ಕೊನೆಗೆ ಎಲೆಕೋಸು, ಸಿಹಿಗುಂಬಳ, ಸುವರ್ಣಗೆಡ್ಡೆ. ಈರುಳ್ಳಿ, ಆಲೂಗೆಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ. ಈರುಳ್ಳಿಗೆ ಬಲೆ ಚೀಲ, ಒಲೆಯ ಕಡೆಯ ಮೊಳೆ. ಆಲೂಗೆಡ್ಡೆಗೆ ಕತ್ತಲೆ. ಶುಂಠಿಯನ್ನು ಕುಂಡದಲ್ಲಿ ತುಸು ತೇವದ ಮರಳಲ್ಲಿ ಹೂತಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ.

ತೊಗರಿಬೇಳೆ ಎರಡು-ಮೂರು ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಿ ಇಟ್ಟರೆ ಹುಳ ಸುಳಿಯದು. ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ. ಬಿಸಿಯಿರುವಾಗಲೇ ಮುಚ್ಚಳ ಹಾಕಿದರೆ ಹಬೆ ಒಳಗೇ ನೀರಾಗಿ ಹುಳದ ಬದಲು ಬೂಷ್ಟು ಬರುತ್ತದೆ. ಒಣಮೆಣಸಿನಕಾಯಿಯನ್ನು ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಮುಗಿದ ಮೇಲಿನ ಬಿಸಿಲಲ್ಲಿ, ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ.

ಕರೆಂಟಿನ ಮಾತನ್ನೂ ಹೇಳಿಬಿಡುತ್ತೇನೆ. ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಬಾರದ ಊರುಗಳು ನಮ್ಮವು. ಮುಚ್ಚಿಯೇ ಇಟ್ಟ ಫ್ರಿಜ್ ತಂಪು ಹಿಡಿಯುವುದು ಸುಮಾರು 4 ಗಂಟೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಡಿ, ಕುತ್ತಿಗೆಯ ತನಕ ತುಂಬಿದರೆ ಒಡೆಯುತ್ತದೆ, ಮುಕ್ಕಾಲು ಸಾಕು.

ಉಳಿದ ಅನ್ನಕ್ಕೆ ಕೊಡಗಿನಷ್ಟು ಒಳ್ಳೆಯ ಉತ್ತರ ಇನ್ನೆಲ್ಲೂ ಇಲ್ಲ ಎಂದು ಸ್ವಲ್ಪ ಜಂಬದಿಂದಲೇ ಹೇಳಬಹುದು. ‘ಅಕ್ಕಿ ಒಟ್ಟಿ’ಗೆ, ಅಂದರೆ ಕೊಡವರ ಅಕ್ಕಿ ರೊಟ್ಟಿಗೆ, ಅನ್ನ ಬೇಕೇ ಬೇಕು. ಎರಡು ಲೋಟ ಅನ್ನಕ್ಕೆ ಒಂದರಿಂದ ಒಂದೂಕಾಲು ಲೋಟ ಅಕ್ಕಿಹಿಟ್ಟು, ರುಚಿಗೆ ಉಪ್ಪು. ಫ್ರಿಜ್‌ನಿಂದ ತೆಗೆದ ಅನ್ನ ಗಟ್ಟಿಯಾಗಿರುತ್ತದೆ, ಹಾಗೇ ನಾದಿದರೆ ಅಗುಳು ಉಳಿದು ಒಟ್ಟಿ ಅಲ್ಲಲ್ಲೇ ಹರಿಯುತ್ತದೆ. ಐದು ನಿಮಿಷ ಹಬೆಯಲ್ಲಿ ಬಿಸಿ ಮಾಡಿ, ಬಿಸಿಯಿರುವಾಗಲೇ ಅಂಗೈಯ ಬುಡದಿಂದ ಬೆಣ್ಣೆಯ ಹಾಗೆ ಮಿದಿಯಬೇಕು. ಹಿಟ್ಟನ್ನು ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ. ನೀರು ಬೇಡ, ತೀರಾ ಬಿರುಕು ಬಿಟ್ಟರೆ ಒಂದು ಚಮಚ ಬಿಸಿನೀರು. ನಾದಿದ ಮೇಲೆ ಇಟ್ಟುಕೊಂಡು ಕೂರಬೇಡಿ, ಹೊತ್ತಾದಷ್ಟೂ ಅಂಟಾಗುತ್ತದೆ. ನಿಂಬೆಗಾತ್ರಕ್ಕಿಂತ ದೊಡ್ಡ ಉಂಡೆ, ಒಣಹಿಟ್ಟಿನಲ್ಲಿ ಹೊರಳಿಸಿ ಲಟ್ಟಿಸಿ, ಕಾದ ಹಂಚಿನಲ್ಲಿ ಎರಡೂ ಬದಿ ಎಣ್ಣೆಯಿಲ್ಲದೆ ಬೇಯಿಸಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸಿ. ಅಂಚು ಸೀಳಿದರೆ ಹಿಟ್ಟು ಹೆಚ್ಚಾಗಿದೆ, ಲಟ್ಟಣಿಗೆಗೆ ಅಂಟಿದರೆ ಅನ್ನದಲ್ಲಿ ನೀರು ಹೆಚ್ಚಿದೆ.

ಒಂದು ಷರತ್ತು ಉಂಟು. ಮಧ್ಯಾಹ್ನದ ಅನ್ನವನ್ನು ಪಾತ್ರೆಯಲ್ಲೇ ರಾತ್ರಿಯವರೆಗೆ ಬಿಟ್ಟು ಮಾರನೇ ದಿನ ಒಟ್ಟಿ ಮಾಡುವುದು ಉಳಿತಾಯವಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಕುದಿದರೂ ಸಾಯುವುದಿಲ್ಲ. ಉಗುರುಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ಬಿಡುವ ವಿಷ ಹಂಚಿನ ಶಾಖಕ್ಕೂ ಹೋಗುವುದಿಲ್ಲ. ಉಳಿಯುತ್ತದೆ ಎಂದು ಕಂಡ ಅನ್ನವನ್ನು ಒಂದು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್‌ಗೆ ಹಾಕಿ, ಮರುದಿನವೇ ಮುಗಿಸಿ. ಲೋಳೆ ಎಳೆಯುತ್ತಿದ್ದರೆ ಅದು ಗೊಬ್ಬರಕ್ಕೆ.

ಉಳಿದ ಕಡಂಬುಟ್ಟನ್ನು (ಅಕ್ಕಿತರಿಯ ಹಬೆಯುಂಡೆ) ಹತ್ತು ನಿಮಿಷ ಹಬೆಗಿಟ್ಟರೆ ಮತ್ತೆ ಮೆತ್ತಗಾಗುತ್ತದೆ, ಅಥವಾ ಬಿಲ್ಲೆ ಕೊಯ್ದು ಸಾಸಿವೆ, ಕರಿಬೇವಿನ ಒಗ್ಗರಣೆಯಲ್ಲಿ ಕೆಂಪಗೆ ಹುರಿಯಿರಿ. ನೂಪುಟ್ಟು (ಅಕ್ಕಿ ಶಾವಿಗೆ) ಉಳಿದರೆ ಉದುರಿಸಿ ಚಿತ್ರಾನ್ನದ ಒಗ್ಗರಣೆ.

ಹಲಸಿನ ಕಾಲದಲ್ಲಿ ತೊಳೆ ತಿಂದು ಬೀಜ ಎಸೆಯುವುದು ದಂಡ. ಬೀಜ ತೊಳೆದು, ನೆರಳಲ್ಲಿ ಒಂದೆರಡು ದಿನ ಆರಿಸಿ, ಕೆಮ್ಮಣ್ಣಿನ ಗಟ್ಟಿ ರಾಡಿ ಸವರಿ ಮತ್ತೆ ಒಣಗಿಸಿ ಮಡಕೆಯಲ್ಲಿಟ್ಟರೆ ಮಳೆಗಾಲದ ಸಾರಿಗೆ ಆಯಿತು. ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ ಕಾಚಂಪುಳಿಗೆ ಮಾತ್ರ ಯಾವ ಉಪಚಾರವೂ ಬೇಡ. ಹಣ್ಣಿನ ರಸ ಕಪ್ಪಗೆ ಮಂದವಾಗುವ ತನಕ ಕುದಿಸಿದ್ದಾದರೆ ಗಾಜಿನ ಸೀಸೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅಲ್ಯೂಮಿನಿಯಂ ಡಬ್ಬಿಗೆ ಹಾಕಬೇಡಿ, ಆ ಹುಳಿ ಲೋಹವನ್ನು ತಿನ್ನುತ್ತದೆ.

ಇಷ್ಟಾದ ಮೇಲೂ ಉಳಿಯುವ ಸಿಪ್ಪೆ, ಚರಟಕ್ಕೆ ಗುಂಡಿ ತೋಡುವುದು ಇಲ್ಲಿಯ ದೊಡ್ಡ ತಪ್ಪು. ಜುಲೈಯಲ್ಲಿ ಗುಂಡಿ ಎಂದರೆ ಕೆರೆ. ಗಾಳಿ ಸಿಗದೆ ಕೊಳೆತು ನಾರುತ್ತದೆ, ಗೊಬ್ಬರವಾಗುವುದಿಲ್ಲ. ನೆಲದ ಮೇಲೆ ಎರಡು ಸಾಲು ಇಟ್ಟಿಗೆ, ಅದರ ಮೇಲೆ ಬಿದಿರಿನ ತಟ್ಟಿಯ ಗೂಡು, ತಲೆಯ ಮೇಲೆ ಶೀಟು. ಒಂದು ಬುಟ್ಟಿ ಅಡುಗೆ ಕಸಕ್ಕೆ ಎರಡು ಬುಟ್ಟಿ ಒಣ ತರಗೆಲೆ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾದರೆ ಎಲೆ ಸಾಲದು. ಕಾಫಿ ಚರಟವನ್ನು ಮುದ್ದೆಯಾಗಿ ಸುರಿದರೆ ಹಾಗೇ ಬೂಷ್ಟು ಹಿಡಿದು ಗಟ್ಟಿಯಾಗುತ್ತದೆ, ತೆಳ್ಳಗೆ ಉದುರಿಸಿ. ತೋಟದ ನೆರಳುಮರಗಳಲ್ಲಿ ಸಿಲ್ವರ್ ಓಕ್ ಎಲೆ ಬೇಗ ಕರಗುವುದಿಲ್ಲ, ಹಾಲುವಾಣದ ಎಲೆ ಬೇಗ ಕರಗುತ್ತದೆ, ಎರಡನ್ನೂ ಬೆರೆಸಿ. ಮೂಳೆ, ಮಾಂಸ ಹಾಕಿದರೆ ನಾಯಿ, ಕಾಡುಹಂದಿ ಗೂಡನ್ನೇ ಕೆಡವುತ್ತವೆ. ಹಲಸಿನ ಸಿಪ್ಪೆಯನ್ನು ಆನೆ ಓಡಾಡುವ ಕಡೆ ಮನೆಯ ಹತ್ತಿರ ಬಯಲಲ್ಲಿ ರಾಶಿ ಹಾಕಲೇಬಾರದು, ಆ ವಾಸನೆಗೆ ಅದು ಅಂಗಳಕ್ಕೇ ಬರುತ್ತದೆ. ಸಣ್ಣಗೆ ಕೊಚ್ಚಿ, ಅದೇ ದಿನ ಗೂಡಿನ ನಡುವೆ ಹುದುಗಿಸಿ, ಮೇಲೆ ಒಂದು ಗೇಣು ತರಗೆಲೆ ಮುಚ್ಚಿ. ಮಳೆಗಾಲದಲ್ಲಿ ಒಣ ಎಲೆ ಎಲ್ಲಿಂದ ಬರಬೇಕು? ಮಾರ್ಚ್, ಏಪ್ರಿಲ್‌ನಲ್ಲೇ ಗೋಣಿಗೆ ತುಂಬಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿರಬೇಕು. ನಾಲ್ಕು ಜನರ ಮನೆಗೆ ಹತ್ತು-ಹನ್ನೆರಡು ಗೋಣಿ, ಒತ್ತಿ ತುಂಬಿದ್ದು.